ನೀರು ಬರುವ ಮೊದಲು ಉತಾರ ನೋಡ್ರಿ

(ಬಾಗಲಕೋಟೆಯ ನವನಗರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಅಧ್ಯಕ್ಷರೇ, ವೇದಿಕೆ ಮೇಲಿನ ಹಿರಿಯರೇ, ಮುಳುಗಡೆಯನ್ನು ನನಗಿಂತ ಹತ್ತಿರದಿಂದ ಬಲ್ಲ ಸಭಿಕರೇ,

ಆಮಂತ್ರಣದಲ್ಲಿ 'ದೂರದೃಷ್ಟಿಯ ನಾಯಕತ್ವ' ಅಂತ ಅಚ್ಚಾಗಿದೆ. ನಮ್ಮ ಜಿಲ್ಲೆಯ ಮುಖಂಡರು ಅಷ್ಟು ದೂರ ನೋಡುವುದೇ ಬೇಡ್ರಿ, 4.656 ಮೀಟರ್ ನೋಡಿದರೆ ಸಾಕು. ಕೃಷ್ಣಾ ನದಿಯ ಆಲಮಟ್ಟಿ ಆಣೆಕಟ್ಟಿನಲ್ಲಿ ಈಗ ನೀರು ನಿಲ್ಲಿಸುವುದು 519.6 ಮೀಟರಿಗೆ. ರಾಜ್ಯಗಳಿಗೆ ನೀರು ಹಂಚುವ ಕೃಷ್ಣಾ ಎರಡನೇ ನ್ಯಾಯಾಧಿಕರಣ 2010ರ ಡಿಸೆಂಬರಿನಲ್ಲಿ ಒಪ್ಪಿದ್ದು 524.256 ಮೀಟರ್. ನಡುವಿನ ಹದಿನೈದು ಅಡಿಯಲ್ಲಿ 20 ಹಳ್ಳಿಗಳಿವೆ, ಹಳೇ ಬಾಗಲಕೋಟೆಯ 11 ವಾರ್ಡುಗಳಿವೆ, ಸುಮಾರು 75 ಸಾವಿರ ಎಕರೆ ಭೂಮಿ ಇದೆ. 2011ರಲ್ಲಿ ಸುಪ್ರೀಂ ಕೋರ್ಟಿನ ತಡೆ ಬಿತ್ತು, ತೀರ್ಪು ಗೆಜೆಟ್ಟಿಗೆ ಬರಲಿಲ್ಲ. ಮಹಾರಾಷ್ಟ್ರದ ಸಾಂಗ್ಲಿ, ಕೊಲ್ಹಾಪುರದವರ ತಕರಾರೂ ನಿಂತಿಲ್ಲ. ಆ ಜಗಳ ದಿಲ್ಲಿಯಲ್ಲಿ ನಡೆಯಲಿ. ನಮ್ಮ ಕೆಲಸ ನಮ್ಮ ಹೊಲದ ಕಾಗದದಲ್ಲಿದೆ.

ಶಂಕುಸ್ಥಾಪನೆಯ ಕಥೆ ನಿಮಗೆ ಗೊತ್ತು, ಆದರೂ ಹೇಳುತ್ತೇನೆ, ನನಗೆ ಬಹಳ ಇಷ್ಟ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಬಂದು ಕಲ್ಲು ಇಟ್ಟರು. 'ಪ್ರಧಾನಿ ಇಟ್ಟ ಕಲ್ಲು' ಅಂತ ಪ್ರತಿ ಭಾಷಣದಲ್ಲೂ ಕೇಳುತ್ತೀರಿ. ಆವತ್ತು ಅವರು ಪ್ರಧಾನಿ ಅಲ್ಲ್ರಿ, ಖಾತೆ ಇಲ್ಲದ ಸಚಿವರು! ಐದು ದಿನಕ್ಕೆ ನೆಹರೂ ತೀರಿಕೊಂಡರು, ಜೂನ್ 9ಕ್ಕೆ ಶಾಸ್ತ್ರಿಯವರು ಪ್ರಮಾಣವಚನ ತಗೊಂಡರು. ಕಲ್ಲು ಅಲ್ಲೇ ಇತ್ತು. ಮುಳುಗುವವರಿಗೆ ನವನಗರ ಕಟ್ಟುವ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಬಂದದ್ದು 1983ರಲ್ಲಿ. 519.6 ಮೀಟರಿಗೆ ಸುಪ್ರೀಂ ಕೋರ್ಟು ಹೂಂ ಅಂದದ್ದು 2000ದ ಏಪ್ರಿಲಿನಲ್ಲಿ. ಆ ಕಲ್ಲು ಇಟ್ಟ ದಿನ ಹುಟ್ಟಿದ ಕೂಸು ನೌಕರಿ ಮುಗಿಸಿ ಈಗ ಪಿಂಚಣಿ ತಗೊಳ್ಳುತ್ತಿದೆ. ಇಷ್ಟು ವರ್ಷ ಸಿಕ್ಕರೂ ನಮ್ಮ ಉತಾರದ, ಅಂದರೆ ಪಹಣಿಯ, ಮಾಲೀಕರ ಹೆಸರಿನ 9ನೇ ಕಾಲಮಿನಲ್ಲಿ ಇನ್ನೂ ಅಜ್ಜನ ಹೆಸರೇ ಇದೆಯಲ್ಲ, ಇದಕ್ಕೆ ಯಾವ ಸರಕಾರವನ್ನು ಬೈಯೋಣ?

ಅಜ್ಜ ಹೋಗಿ ಮೂವತ್ತು ವರ್ಷ ಆಗಿರುತ್ತದೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹೊಲ ಹಂಚಿಕೊಂಡು ಬಿತ್ತುತ್ತಿರುತ್ತಾರೆ. ಭೂಸ್ವಾಧೀನಾಧಿಕಾರಿ ಬಂದಾಗ ಪರಿಹಾರ ಯಾರಿಗೆ ಕೊಡಬೇಕು? ಅಕ್ಕತಂಗಿಯರ ತಕರಾರು ಅರ್ಜಿ ಒಂದು ಬಂತೆಂದರೆ 2013ರ ಭೂಸ್ವಾಧೀನ ಕಾಯ್ದೆಯ 77ನೇ ಕಲಮಿನಂತೆ ರೊಕ್ಕ ಭೂಸ್ವಾಧೀನದ ವ್ಯಾಜ್ಯ ಕೇಳುವ ಪ್ರಾಧಿಕಾರದಲ್ಲಿ ಜಮಾ. ಆಮೇಲೆ ವಕೀಲರ ಮಕ್ಕಳ ಓದು ಸಾಂಗವಾಗಿ ನಡೆಯುತ್ತದೆ. (ನಗು) ಮರಣ ಪ್ರಮಾಣಪತ್ರ, ವಂಶವೃಕ್ಷ ತಗೊಂಡು ನಾಡಕಚೇರಿಗೆ ಹೋಗಿ ಮೊದಲು ವಾರಸಾ ಮಾಡಿಸ್ರಿ, ಅಂದರೆ ವಾರಸುದಾರರ ಹೆಸರು ಏರಿಸ್ರಿ. ವಾಟ್ನಿ (ಪಾಲು) ಆಗಬೇಕಿದ್ದರೆ ಹೊಲ ಒಡೆಯುವ 11ಇ ನಕ್ಷೆಗೆ ಈಗಲೇ ಅರ್ಜಿ ಹಾಕ್ರಿ, ಮೋಜಣಿದಾರ (ಭೂಮಾಪಕ) ಬರುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ತೀರಿಸಿದ ಸಾಲದ ಬೋಜಾ (ಹೊರೆಯ ನಮೂದು) 11ನೇ ಕಾಲಮಿನಲ್ಲಿ ಹಾಗೇ ಕೂತಿದ್ದರೆ ಅದನ್ನೂ ಕಡಿಮೆ ಮಾಡಿಸ್ರಿ.

ಇನ್ನು ದರ. 2025ರ ಸೆಪ್ಟೆಂಬರಿನಲ್ಲಿ ಸಂಪುಟ ಮುಳುಗಡೆ ಭೂಮಿಗೆ ಎಕರೆಗೆ ನೀರಾವರಿಗೆ 40 ಲಕ್ಷ, ಖುಷ್ಕಿಗೆ (ಮಳೆಯಾಶ್ರಿತ ಹೊಲಕ್ಕೆ) 30 ಲಕ್ಷ ಅಂತ ನಿರ್ಧರಿಸಿತು. ಹೋರಾಟದ ಫಲ ಅದು, ಅಲ್ಲಗಳೆಯುವುದಿಲ್ಲ. ಆದರೆ ನಿಮ್ಮ ಹೊಲದಲ್ಲಿ ಬೋರ್ ಇದೆ, ಕಬ್ಬು ನಿಂತಿದೆ, ಉತಾರದಲ್ಲಿ ಮಾತ್ರ ಖುಷ್ಕಿ, ಬೆಳೆ ಜೋಳ. ಎಕರೆಗೆ 10 ಲಕ್ಷದ ಅಂತರ ಆ ಒಂದು ಸಾಲಿನಲ್ಲಿದೆ. ಬೆಳೆ ಸಮೀಕ್ಷೆ ಆ್ಯಪಿನಲ್ಲಿ ರೈತನೇ ಫೋಟೊ ಹಾಕಬಹುದು. ಯಾರದೋ ಹುಡುಗ ಕಟ್ಟೆ ಮೇಲೆ ಕೂತು ತುಂಬಿದ ಬೆಳೆ ನಿಮ್ಮ ತಲೆಗೆ ಬರುತ್ತದೆ. ಎಕರೆಗೆ ಇನ್ನೈದು ಲಕ್ಷ ಏರಿಸ್ರಿ ಅಂತ ರಸ್ತೆ ತಡೆ ಮಾಡುವ ಮುಖಂಡ ತನ್ನ ಊರಿನ ಉತಾರಗಳನ್ನು ಒಂದು ವಾರ ಕೂತು ನೋಡಿದರೆ ಅದರ ಎರಡು ಪಟ್ಟು ಉಳಿಯುತ್ತದೆ. ಪತ್ರಿಕೆಯಲ್ಲಿ ಫೋಟೊ ಬರುವುದಿಲ್ಲ, ಅಷ್ಟೇ.

ಜಂಟಿ ಮೋಜಣಿಯ ದಿನ ಹೊಲದಲ್ಲೇ ಇರ್ರಿ. ಬಾವಿ, ಬೋರು, ನೆಲದೊಳಗಿನ ಪೈಪು, ಬದುವಿನ ಬೇವು, ದನದ ಕೊಟ್ಟಿಗೆ ಒಂದೊಂದಾಗಿ ಬರೆಸ್ರಿ. 29ನೇ ಕಲಮಿನಲ್ಲಿ ಇವಕ್ಕೆ ಬೇರೆ ಬೆಲೆ ಕಟ್ಟಬೇಕು. ಪೈಪು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಎಷ್ಟೋ ಕಡೆ ಅದೇ ಬಿಟ್ಟು ಹೋಗುವುದು. ಪೂರ್ತಿ ಓದದೆ ಪಂಚನಾಮೆಗೆ ಸಹಿ ಬೇಡ.

ಖರೇದಿ ಪತ್ರದ ಮಾತು ಹೇಳಿದರೆ ಸಭೆಯಲ್ಲಿ ಕೆಲವರು ನೆಲ ನೋಡುತ್ತಾರೆ. ಕೈಯಿಂದ ಕೊಡುವುದು 25 ಲಕ್ಷ, ಪತ್ರದಲ್ಲಿ ಬರೆಸುವುದು 6 ಲಕ್ಷ. ಮುದ್ರಾಂಕ ಶುಲ್ಕ ಉಳಿಯಿತು. ಆದರೆ ಒಪ್ಪಿಗೆ ಇಲ್ಲದ ಸಾಮಾನ್ಯ ಐತೀರ್ಪಿಗೆ (ಪರಿಹಾರದ ಆದೇಶಕ್ಕೆ) ಕಾಯ್ದೆಯ 26ನೇ ಕಲಮು ಹಿಂದಿನ ಮೂರು ವರ್ಷದ ಖರೇದಿ ಪತ್ರ ತೆಗೆದು, ಅದರಲ್ಲಿ ಹೆಚ್ಚು ಬೆಲೆಯ ಅರ್ಧ ಪತ್ರಗಳ ಸರಾಸರಿ ನೋಡುತ್ತದೆ. ಊರಿಗೆ ಊರೇ 6 ಲಕ್ಷ ಬರೆಸಿದ್ದರೆ ಮೇಲಿನ ಅರ್ಧವೂ 6 ಲಕ್ಷವೇ. ಸರಕಾರಕ್ಕೆ ತಪ್ಪಿಸಿದ ಶುಲ್ಕ ನೆರೆಮನೆಯವನ ಪರಿಹಾರದಿಂದ ಕಡಿತವಾಗುತ್ತದೆ. ಇದನ್ನು ಗ್ರಾಮಸಭೆಯಲ್ಲಿ ಎದ್ದು ಹೇಳುವ ಸದಸ್ಯ ಮುಂದಿನ ಚುನಾವಣೆಯಲ್ಲಿ ಸೋಲಬಹುದು. ನನ್ನ ಲೆಕ್ಕದಲ್ಲಿ ಅವನೇ ನಾಯಕ.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದಿದ್ದಾರೆ, ಐದಕ್ಕೆ ಮುಗಿಸುತ್ತೇನೆ, ಆದರೆ 39ನೇ ಕಲಮು ಬಿಡುವುದಿಲ್ಲ. ಈ ಕಾಯ್ದೆಯ ಸ್ವಾಧೀನಕ್ಕಾಗಿ ಒಮ್ಮೆ ಎಬ್ಬಿಸಿದ ಕುಟುಂಬವನ್ನು ಸಾಧ್ಯವಾದಷ್ಟು ಮತ್ತೆ ಎಬ್ಬಿಸಬಾರದು, ಎಬ್ಬಿಸಿದರೆ ಪರಿಹಾರದಷ್ಟೇ ಮೊತ್ತ ಹೆಚ್ಚುವರಿಯಾಗಿ ಕೊಡಬೇಕು ಅಂತ ಅದು ಹೇಳುತ್ತದೆ. ಎರಡು ಸಲ ಗಂಟುಮೂಟೆ ಕಟ್ಟುವ ಮನೆಗಳಿಗೆ ಇದು ದೊಡ್ಡ ಆಸರೆ ಆಗಬಹುದು; ಮೊದಲ ಸಲ ಹಳೇ ಕಾಯ್ದೆಯಡಿ ಎದ್ದವರಿಗೂ ಸಿಗುತ್ತದೆಯೇ ಅನ್ನುವುದೇ ಪ್ರಶ್ನೆ. ಅದನ್ನು ಕೇಳಲಿಕ್ಕೂ ಮೊದಲ ಸಲದ ಐತೀರ್ಪಿನ ಪ್ರತಿ, ಹಕ್ಕುಪತ್ರ ನಿಮ್ಮಲ್ಲಿ ಇರಬೇಕಲ್ಲ? ಟ್ರಂಕಿನಲ್ಲಿ ಗೆದ್ದಲು ತಿಂದಿದ್ದರೆ ನಕಲಿಗೆ ಈಗಲೇ ಅರ್ಜಿ ಕೊಡ್ರಿ. ಕನ್ಸೆಂಟ್ ಅವಾರ್ಡಿಗೆ (ದರಕ್ಕೆ ಒಪ್ಪಿ ತಗೊಳ್ಳುವ ಐತೀರ್ಪಿಗೆ) ಸಹಿ ಹಾಕಿದರೆ ಹೆಚ್ಚಿನ ಪರಿಹಾರಕ್ಕೆ ಕೋರ್ಟಿನ ಬಾಗಿಲು ಮುಚ್ಚಿದಂತೆ. ಸಹಿಗೆ ಮೊದಲು ಈ 39ರ ಪ್ರಶ್ನೆಯನ್ನು ಲಿಖಿತವಾಗಿ ಕೇಳ್ರಿ. ಒಪ್ಪದೆ ಸಾಮಾನ್ಯ ಐತೀರ್ಪು ತಗೊಂಡವರು 64ನೇ ಕಲಮಿನ ಅರ್ಜಿಯನ್ನು ಐತೀರ್ಪಿನ ವೇಳೆ ಹಾಜರಿದ್ದರೆ ಆರು ವಾರದೊಳಗೆ ಕೊಡಬೇಕು. 'ಮುಂದಿನ ತಿಂಗಳು ನೋಡೂಣು' ಅನ್ನುವವರಿಗೆ ಆರು ವಾರ ಬಹಳ ಬೇಗ ಮುಗಿಯುತ್ತದೆ.

ಊರಿನ ಮಾತು ಎರಡೇ ವಾಕ್ಯ. ನವನಗರ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಕೈಲಿ, ಹಳೇ ಊರು ನಗರಸಭೆಯ ಕೈಲಿ, 'ಮುಳುಗುವ ಊರಿಗೆ ಯಾಕ ರೊಕ್ಕ ಹಾಕಬೇಕು' ಅಂತ ಅಲ್ಲಿನ ಗಟಾರ ಹಾಗೇ ಬಿದ್ದಿದೆ. ನೀರು ಬರುವ ತನಕ ಅಲ್ಲಿ ಮನುಷ್ಯರು ಇರುತ್ತಾರೆ, ಇದನ್ನು ನಗರಸಭೆಯ ಸದಸ್ಯರು ಆಯವ್ಯಯದ ಸಭೆಯಲ್ಲಿ ಕೇಳಬೇಕು.

ಬಾಗಲಕೋಟೆ–ಕುಡಚಿ ರೈಲು ಮಾರ್ಗದ ಬಗ್ಗೆ ನಾಲ್ಕು ಪುಟ ಬರಕೊಂಡು ಬಂದಿದ್ದೆ. 2010–11ರಲ್ಲಿ ಮಂಜೂರಾದದ್ದು, ಸುಮಾರು 142 ಕಿಲೋಮೀಟರು. ಅಲ್ಲೂ ಭೂಸ್ವಾಧೀನವೇ ಗಾಲಿ ಹಿಡಿದದ್ದು. ರೈಲೇ ತಡ ಅಂದಮೇಲೆ ಅದರ ಭಾಷಣ ತಡವಾದರೆ ನೀವು ಬೇಜಾರಾಗುವುದಿಲ್ಲ. (ನಗು) ಚಹಾ ಆದಮೇಲೆ ಇಲ್ಲೇ ಕೂತಿರುತ್ತೇನೆ. ಉತಾರದ ಜೆರಾಕ್ಸ್ ತಂದವರು ಮೊದಲು ಬರ್ರಿ, ರಾಜಕೀಯ ಕೇಳುವವರು ಆಮೇಲೆ.