ಪಿಎಲ್‌ಸಿ ಉತ್ತರ ಕೊಡ್ತಿಲ್ವಾ? ಮೊದಲು ಕೇಬಲ್ ನೋಡಿ

ಕೇಳುಗರಿಗೆ ನಮಸ್ಕಾರ. ಹೆಬ್ಬಾಳ, ಹೂಟಗಳ್ಳಿ, ತೂಬಿನಕೆರೆ ಕಡೆ ಕಾರ್ಖಾನೆಗಳಲ್ಲಿ ಶಿಫ್ಟ್ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್ನರು, ಐಟಿಐ, ಡಿಪ್ಲೊಮಾ ಮುಗಿಸಿ ಹೊಸದಾಗಿ ಸೇರಿದವರು ಕೇಳ್ತಿದ್ದೀರಿ ಅಂದುಕೊಂಡು ಮಾತಾಡ್ತೀನಿ. ಪಿಎಲ್‌ಸಿ ಅಂದರೆ ಯಂತ್ರಗಳನ್ನ ನಡೆಸೋ ಪುಟ್ಟ ಕಂಪ್ಯೂಟರ್. ಅದರಿಂದ ಬರೋ ಅಂಕಿ ಆಫೀಸಿನ ಕಂಪ್ಯೂಟರ್ ಪರದೆಯಲ್ಲಿ ಹೋಗಿ ಪ್ರಶ್ನಾರ್ಥಕ ಚಿಹ್ನೆ ಬಂತು ಅನ್ನಿ. ದಯವಿಟ್ಟು ಪ್ರೋಗ್ರಾಂ ಮುಟ್ಟಬೇಡಿ. ಮೊದಲು ಕೇಬಲ್ ನೋಡಿ. ನಿನ್ನೆ ಸಂಜೆ ನೆಟ್ಟಗೆ ಓಡಿದ ಪ್ರೋಗ್ರಾಂ ಬೆಳಗಾಗೋದರೊಳಗೆ ತಾನಾಗೇ ಬದಲಾಗಲ್ಲ.

ಮದ್ದೂರು ಕಡೆ ಒಂದು ಅಕ್ಕಿ ಗಿರಣಿ. ಡ್ರೈಯರ್ ಎಷ್ಟು ಬಿಸಿ ಇದೆ ಅನ್ನೋದು ಆಫೀಸಿನ ಕಂಪ್ಯೂಟರಿನಲ್ಲಿ ಕಾಣಬೇಕು, ಕಾಣ್ತಿಲ್ಲ. ನಾನು ಹೋಗೋ ಹೊತ್ತಿಗೆ ಸೂಪರ್‌ವೈಸರ್ರು ಸ್ಕ್ರೂಡ್ರೈವರ್ ಹಿಡಿದು ಪ್ಯಾನೆಲ್ ಮುಂದೆ ನಿಂತಿದ್ದಾರೆ, ಪಿಎಲ್‌ಸಿ ಬಿಚ್ಚಿ ಬೆಂಗಳೂರಿಗೆ ರಿಪೇರಿಗೆ ಕಳಿಸ್ತಾರಂತೆ! ಅದರ ರನ್ ದೀಪ ಹಸಿರಾಗಿ ಉರೀತಿದೆ, ಫ್ಯಾನು ಓಡ್ತಿದೆ. "ಸ್ವಲ್ಪ ತಡೀರಿ ಸ್ವಾಮಿ" ಅಂದೆ. ಕಂಪ್ಯೂಟರಿನ ಯುಎಸ್‌ಬಿಗೂ ಪಿಎಲ್‌ಸಿ ಕೇಬಲಿಗೂ ನಡುವೆ ಇರೋ ಕನ್ವರ್ಟರ್ ನೋಡಿದರೆ, ಸಂದೇಶ ಹೊರಟಾಗ ಮಿನುಗಬೇಕಾದ ಟಿಎಕ್ಸ್ ದೀಪ ಮಿನುಗ್ತಾನೇ ಇಲ್ಲ. ಅಂದರೆ ಕಂಪ್ಯೂಟರಿಂದ ಪ್ರಶ್ನೆಯೇ ಹೊರಟಿಲ್ಲ. ಅವರಲ್ಲಿದ್ದದ್ದು ಮಾಡ್‌ಬಸ್ ಅನ್ನೋ ಸಂವಹನ ಪದ್ಧತಿ, ಅದರಲ್ಲಿ ಕಂಪ್ಯೂಟರ್ ಕೇಳದೆ ಪಿಎಲ್‌ಸಿ ಬಾಯಿ ಬಿಡಲ್ಲ. ಮೇಜಿನ ಹಿಂದೆ ಬಗ್ಗಿ ನೋಡ್ತೀನಿ, ಕನ್ವರ್ಟರ್ ಇರಬೇಕಾದ ಯುಎಸ್‌ಬಿ ಪೋರ್ಟಿನಲ್ಲಿ ಯಾರದೋ ಮೊಬೈಲು ಚಾರ್ಜ್ ಆಗ್ತಿದೆ. ಕನ್ವರ್ಟರನ್ನ ಪಕ್ಕದ ಪೋರ್ಟಿಗೆ ಸಿಕ್ಕಿಸಿದ್ದಾರೆ. ವಿಂಡೋಸು ಅದಕ್ಕೆ ಕಾಮ್ 3 ಬದಲು ಕಾಮ್ 7 ಅಂತ ಹೊಸ ಪೋರ್ಟ್ ನಂಬರ್ ಕೊಟ್ಟು ಕೂತಿದೆ. ಡಿವೈಸ್ ಮ್ಯಾನೇಜರಿನಲ್ಲಿ ನೋಡಿದರೆ ಗೊತ್ತಾಗುತ್ತೆ. ಸಾಫ್ಟ್‌ವೇರು ಪಾಪ ಇನ್ನೂ ಕಾಮ್ 3ರಲ್ಲೇ ಹುಡುಕ್ತಿದೆ. ಹಳೇ ಪೋರ್ಟಿಗೆ ಸಿಕ್ಕಿಸಿ ಸಾಫ್ಟ್‌ವೇರ್ ಮತ್ತೆ ತೆರೆದೆವು, ಅಂಕಿ ಬಂತು. ಮೊಬೈಲು ನಂದು ಅಂತ ಮಾತ್ರ ಯಾರೂ ಒಪ್ಪಲಿಲ್ಲ, ಬಿಡಿ.

ಸಮಯ ಓಡ್ತಿದೆ, ಉಳಿದದ್ದು ಬೇಗ ಹೇಳ್ತೀನಿ. ಟಿಎಕ್ಸ್ ಮಿನುಗಿ, ಉತ್ತರ ಬಂದಾಗ ಮಿನುಗೋ ಆರ್‌ಎಕ್ಸ್ ದೀಪ ಸುಮ್ಮನಿದ್ದರೆ ಪ್ರಶ್ನೆ ಹೋಗ್ತಿದೆ, ಉತ್ತರ ಬರ್ತಿಲ್ಲ. ಕನ್ವರ್ಟರಿಂದ ಪಿಎಲ್‌ಸಿಗೆ ಹೋಗೋ ಆರ್‌ಎಸ್ 485 ಲೈನಿನ ಎ, ಬಿ ತಂತಿ ಅದಲುಬದಲು ಮಾಡಿ ನೋಡಿ, ಏನೂ ಸುಟ್ಟುಹೋಗಲ್ಲ. ಆಮೇಲೆ ಬಾಡ್ ರೇಟು ಅಂದರೆ ಸಂದೇಶದ ವೇಗ, ಪ್ಯಾರಿಟಿ ಅಂದರೆ ತಪ್ಪು ಹಿಡಿಯೋ ಬಿಟ್, ಎರಡೂ ಕಡೆ ಒಂದೇ ಇದೆಯಾ ನೋಡಿ: ಈ ಕಡೆ ವೇಗ 9600, ಆ ಕಡೆ 19200 ಇದ್ದರೆ ಜನ್ಮದಲ್ಲಿ ಮಾತಾಡಲ್ಲ. ಮೋಟರ್ ಶುರುವಾದಾಗ ಮಾತ್ರ ಲೈನ್ ಕಟ್ಟಾಗುತ್ತಾ? ಮೋಟರ್ ವೇಗ ನಿಯಂತ್ರಿಸೋ ಡ್ರೈವಿನ ಪವರ್ ಕೇಬಲ್ ಜೊತೆ ಈ ಲೈನನ್ನೂ ಒಂದೇ ಟ್ರೇಯಲ್ಲಿ ಎಳೆದಿರ್ತೀರಿ. ಬೇರೆ ಮಾಡಿ. ಲೈನು ಉದ್ದ ಇದ್ದರೆ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕಿ, ನಡುವೆ ಬೇಡ. ಪಿಎಲ್‌ಸಿಗೆ ಈಥರ್ನೆಟ್ ಕೇಬಲ್ ಇದ್ದರೆ ಪಿಂಗ್ ಮಾಡಿ, ಅಂದರೆ ಆ ಕಡೆಯಿಂದ ಉತ್ತರ ಬರುತ್ತಾ ಅಂತ ಕಂಪ್ಯೂಟರಿಂದ ಪರೀಕ್ಷೆ ಮಾಡಿ, ಅದೂ ಪೋರ್ಟಿನ ಲಿಂಕ್ ದೀಪ ಹತ್ತಿದೆಯಾ ನೋಡಿಕೊಂಡ ಮೇಲೆ.