ಪರಿಷೆಯ ಕಡಲೆಕಾಯಿ, ಬಾಲ್ಕನಿಯ ಕುಂಡ

ಕೇಳುಗರಿಗೆ ನಮಸ್ಕಾರ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಹತ್ತಿರ ಬರುತ್ತಿದೆ. ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ಗುಡಿಯ ರಸ್ತೆಯುದ್ದಕ್ಕೂ ಕಡಲೆಕಾಯಿಯ ರಾಶಿಗಳು ಏಳುವ ದಿನ ಅದು. ಮಕ್ಕಳ ಕೈ ಹಿಡಿದುಕೊಂಡು ಪರಿಷೆಗೆ ಹೋಗುವವರಲ್ಲಿ ನನ್ನದೊಂದು ಕೋರಿಕೆ ಇದೆ. ಹುರಿದದ್ದನ್ನೂ ಬೇಯಿಸಿದ್ದನ್ನೂ ಹೊಟ್ಟೆ ತುಂಬ ತಿನ್ನಿ. ಬರುವಾಗ ಹಸಿಯದನ್ನು ಒಂದು ಪಾವು ಕೊಂಡುಕೊಳ್ಳಿ. ಅದರಲ್ಲಿ ಒಂದು ಹಿಡಿಯನ್ನು ಸಿಪ್ಪೆ ಸುಲಿಯದೆ ಬಟ್ಟೆಯ ಚೀಲದಲ್ಲಿ ಕಟ್ಟಿ ನೆರಳಿನಲ್ಲಿ ಇಡಿ. ಸಂಕ್ರಾಂತಿಯ ಹೊತ್ತಿಗೆ ಅದು ನಿಮ್ಮ ಮನೆಯ ಮಕ್ಕಳಿಗೆ ಬೇಕಾಗುತ್ತದೆ.

ಮೂರು ವರ್ಷದ ಹಿಂದೆ ನಮ್ಮ ಕೆಳಮನೆಯ ಹುಡುಗಿ, ಆಗ ಅವಳಿಗೆ ಎಂಟು ವರ್ಷ, ಪರಿಷೆಯಿಂದ ಬಂದವಳೇ ನನ್ನನ್ನು ಕೇಳಿದಳು: “ಅಜ್ಜಿ, ಕಡಲೆಕಾಯಿ ಮರ ಎಷ್ಟು ಎತ್ತರ ಇರುತ್ತದೆ?” ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರು ತಾವು ಬೆಳೆದ ಕಡಲೆಕಾಯಿಯ ಮೊದಲ ಫಸಲನ್ನು ಬಸವಣ್ಣನಿಗೆ ಒಪ್ಪಿಸುತ್ತಿದ್ದರು, ಪರಿಷೆ ಹುಟ್ಟಿದ್ದೇ ಹಾಗೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಆ ಹೊಲಗಳ ಜಾಗದಲ್ಲಿ ಈಗ ನಮ್ಮ ಮನೆಗಳಿವೆ. ಹಾಗಿರುವಾಗ ಮಗು ಕಡಲೆಕಾಯಿಯ ಗಿಡವನ್ನು ಎಲ್ಲಿ ನೋಡಬೇಕು? ಬಹಳ ವರ್ಷ ಜೀವಶಾಸ್ತ್ರ ಪಾಠ ಹೇಳಿದವಳು ನಾನು, ಉತ್ತರ ಬಾಯಿಗೆ ಬಂದೇ ಬಿಟ್ಟಿತ್ತು. ತಡೆದುಕೊಂಡು, “ನೆಟ್ಟು ನೋಡೋಣ” ಎಂದೆ.

ನೆಡುವುದು ಕಷ್ಟವಲ್ಲ. ಒಂದಡಿ ಅಗಲದ ಕುಂಡ, ಕೆಂಪು ಮಣ್ಣು, ಸ್ವಲ್ಪ ಮರಳು, ಸ್ವಲ್ಪ ಕಾಂಪೋಸ್ಟ್ ಇದ್ದರೆ ಸಾಕು. ಬರಿಯ ತೆಂಗಿನ ನಾರಿನ ಪುಡಿಯಲ್ಲಿ ಮಾತ್ರ ಬಿತ್ತಬೇಡಿ. ತೋಟದ ಮಣ್ಣು ಒಂದೆರಡು ಹಿಡಿಯಾದರೂ ಇರಲಿ, ಏಕೆಂದು ಆಮೇಲೆ ಹೇಳುತ್ತೇನೆ. ಬೀಜವನ್ನು ಎರಡು ಇಂಚು ಆಳಕ್ಕೆ ಊರಿ, ಮೇಲೆ ಹಳೆಯ ಬಲೆಯ ತುಂಡನ್ನು ಹೊದಿಸಿ. ಬೆಂಗಳೂರಿನ ಅಳಿಲುಗಳಿಗೂ ಪಾರಿವಾಳಗಳಿಗೂ ಕಡಲೆಕಾಯಿಯ ವಾಸನೆ ನಮಗಿಂತ ಮೊದಲೇ ಗೊತ್ತಾಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ದಯವಿಟ್ಟು ಒಂದೇ ಕುಂಡ ಇಡಬೇಡಿ. ಒಂದು ಕುಂಡ ಇಟ್ಟರೆ ಮಗು ಗಿಡ ಬೆಳೆಸುತ್ತದೆ. ಎರಡು ಕುಂಡ ಇಟ್ಟು, ಉಳಿದುದೆಲ್ಲವನ್ನೂ ಸಮವಾಗಿಟ್ಟು, ಒಂದೇ ಒಂದು ಸಂಗತಿಯನ್ನು ಬೇರೆ ಮಾಡಿದರೆ ಮಗು ಪ್ರಶ್ನೆ ಕೇಳಲು ಕಲಿಯುತ್ತದೆ. ನಾವು ಒಂದು ಕುಂಡದಲ್ಲಿ ಹಸಿ ಬೀಜ ಬಿತ್ತಿದೆವು, ಇನ್ನೊಂದರಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲದಿಂದ ಆರಿಸಿದ ಹುರಿದ ಬೀಜ. ಎರಡಕ್ಕೂ ಒಂದೇ ಮಣ್ಣು, ಒಂದೇ ಲೋಟದಲ್ಲಿ ಅಳೆದ ನೀರು, ಒಂದೇ ಬಿಸಿಲು. ಬಿತ್ತುವ ಮೊದಲೇ ಅವಳ ಊಹೆಯನ್ನು ಬರೆಸಿದೆ. “ಎರಡೂ ಬರುತ್ತವೆ, ಹುರಿದದ್ದು ಬೇಗ ಬರುತ್ತದೆ, ಅದು ಬೆಚ್ಚಗಿತ್ತು” ಎಂದು ಬರೆದಳು. ನಾನು ತಿದ್ದಲಿಲ್ಲ. ಎಂಟೊಂಬತ್ತು ದಿನಕ್ಕೆ ಹಸಿಯದು ಮಣ್ಣು ಸೀಳಿಕೊಂಡು ಎದ್ದಿತು. ಇನ್ನೊಂದು ಕುಂಡವನ್ನು ಕೆದಕಿದರೆ ಬೀಜ ಊದಿ ಕೊಳೆತಿತ್ತು. ಹುರಿಯುವ ಬಿಸಿಗೆ ಒಳಗಿನ ಎಳೆಯ ಗಿಡ ಸತ್ತಿರುತ್ತದೆ ಎಂದು ಅವಳಿಗೆ ನಾನು ಹೇಳಿದ್ದು ಆಗ, ಅವಳೇ ಕೆದಕಿ ನೋಡಿದ ಮೇಲೆ.

ಆ ದಿನಗಳಲ್ಲಿ ನಾನೊಂದು ತಪ್ಪು ಮಾಡಿದೆ. ಮೊಳೆತ ನಾಲ್ಕು ಸಸಿಗಳಲ್ಲಿ ಒಂದು, ಅವಳು ಬೇರೆಯವುಗಳಿಗಿಂತ ಹೆಚ್ಚು ಮುದ್ದು ಮಾಡುತ್ತಿದ್ದದ್ದು, ಬುಡ ಕೊಳೆತು ಬಿದ್ದುಹೋಯಿತು. ಮಗುವಿಗೆ ನೋವಾಗುತ್ತದೆಂದು ಅವಳು ಶಾಲೆಯಲ್ಲಿದ್ದಾಗ ಬೇರೊಂದು ಸಸಿಯನ್ನು ಆ ಜಾಗದಲ್ಲಿ ನೆಟ್ಟೆ. ಸಂಜೆ ಅವಳು ತನ್ನ ನೋಟ್‌ಪುಸ್ತಕ ತೆರೆದಳು. ದಿನಕ್ಕೊಂದು ಚಿತ್ರ ಬರೆಯುತ್ತಿದ್ದಳಲ್ಲ, ಹಿಂದಿನ ದಿನದ ಚಿತ್ರದಲ್ಲಿ ಎರಡು ಎಲೆ, ಕುಂಡದಲ್ಲಿ ನಾಲ್ಕು ಎಲೆ. “ಅಜ್ಜಿ, ಇದು ನನ್ನ ಗಿಡ ಅಲ್ಲ” ಎಂದಳು. ನಿಜ ಹೇಳಿದೆ. ಅವಳು ಅತ್ತಳು, ನಿಜ. ಆದರೆ ಮರುದಿನ ಬಂದು ಕೇಳಿದ್ದು, ಅದು ಯಾಕೆ ಸತ್ತಿತು ಎಂದು. ಕುಂಡದ ತೂತಿಗೆ ಮಣ್ಣು ಕಟ್ಟಿಕೊಂಡು ನೀರು ನಿಂತಿತ್ತು. ಕಡ್ಡಿ ಹಾಕಿ ತೂತನ್ನು ಬಿಡಿಸಿದವಳೂ ಅವಳೇ. ತಂದೆತಾಯಿಯರೇ, ಸತ್ತ ಗಿಡವನ್ನು ಗುಟ್ಟಾಗಿ ಬದಲಾಯಿಸಬೇಡಿ.

ಬಿತ್ತಿ ಒಂದು ತಿಂಗಳು ದಾಟಿದ ಮೇಲೆ ಬುಡದ ಹತ್ತಿರ ಹಳದಿ ಹೂವು ಬರುತ್ತದೆ. ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಹೂವು ಬಾಡಿದ ಒಂದು ವಾರದಲ್ಲಿ ಅದೇ ಗೆಣ್ಣಿನಿಂದ ನೇರಳೆ ಬಣ್ಣ ಹತ್ತಿದ ಸೂಜಿಯಂಥ ಕುಡಿಯೊಂದು ಹೊರಟು, ಆಕಾಶದ ಕಡೆಗಲ್ಲ, ನೆಲದ ಕಡೆಗೆ ಬಾಗುತ್ತದೆ. ಆ ಸೂಜಿಯ ತುದಿಯಲ್ಲಿ ನಾಳೆಯ ಬೀಜ ಇದೆ. ಅದು ಮಣ್ಣಿಗೆ ಇಳಿದು, ಕತ್ತಲೆಯಲ್ಲಿ ಅಡ್ಡಕ್ಕೆ ತಿರುಗಿ, ಕಾಯಿ ಕಟ್ಟುತ್ತದೆ. ಬೇರಿನಲ್ಲಿ ಬಿಡುವ ಕಾಯಿ ಎಂದು ದೊಡ್ಡವರೇ ಎಷ್ಟೋ ಮಂದಿ ತಿಳಿದಿದ್ದಾರೆ. ಅದು ಹೂವಿನ ಕಾಯಿ. ಹೂವು ಮೇಲೆ, ಕಾಯಿ ಕೆಳಗೆ, ನಡುವೆ ಆ ಸೂಜಿಯ ಪಯಣ. ಇದನ್ನು ದಿನದಿನವೂ ಕಣ್ಣಾರೆ ಕಂಡ ಮಗುವಿಗೆ ಪುಸ್ತಕದ ಚಿತ್ರ ಬೇಕಾಗುವುದಿಲ್ಲ.

ಇಲ್ಲಿಯೂ ಎರಡು ಬಗೆ ಮಾಡಿ. ಎರಡು ಸೂಜಿಗಳಿಗೆ ಕೆಂಪು ದಾರ ಸಡಿಲವಾಗಿ ಕಟ್ಟಿ, ಅವುಗಳ ಕೆಳಗೆ ಬಾಟಲಿಯ ಮುಚ್ಚಳ ಇಟ್ಟು ಮಣ್ಣು ಮುಟ್ಟದಂತೆ ತಡೆಯಿರಿ. ಇನ್ನೆರಡಕ್ಕೆ ಹಸಿರು ದಾರ, ಅವು ಮಣ್ಣಿಗೆ ಇಳಿಯಲಿ. ಗಾಳಿಯಲ್ಲಿ ಉಳಿದ ಸೂಜಿ ಸ್ವಲ್ಪ ಉದ್ದವಾಗಿ ಒಣಗುತ್ತದೆ, ಕಾಯಿ ಕಟ್ಟುವುದಿಲ್ಲ. ಅದಕ್ಕೆ ಮಣ್ಣಿನ ಸ್ಪರ್ಶವೂ ಬೇಕು, ಕತ್ತಲೆಯೂ ಬೇಕು.

ಸಂಜೆ ಇನ್ನೊಂದು ನೋಟ ಇದೆ. ಕಡಲೆಕಾಯಿಯ ಒಂದೊಂದು ಎಲೆಯಲ್ಲಿ ನಾಲ್ಕು ಕಿರುಎಲೆಗಳು. ಹೊತ್ತು ಮುಳುಗುತ್ತಿದ್ದಂತೆ ಅವು ಜೋಡಿಜೋಡಿಯಾಗಿ ಮುಚ್ಚಿಕೊಳ್ಳುತ್ತವೆ, ಬೆಳಿಗ್ಗೆ ಬಿಚ್ಚುತ್ತವೆ. ಬಿಸಿಲು ಕಂಡು ಬಿಚ್ಚುತ್ತವೆಯೋ, ಹೊತ್ತು ತಿಳಿದು ಬಿಚ್ಚುತ್ತವೆಯೋ? 1729ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬ ವಿಜ್ಞಾನಿ ಮುಟ್ಟಿದರೆ ಮುನಿಯಂಥ ಗಿಡವನ್ನು ಕತ್ತಲೆಯಲ್ಲಿಟ್ಟು ನೋಡಿದ್ದ. ಬೆಳಕು ಕಾಣದಿದ್ದರೂ ಅದು ಹಗಲಿನಲ್ಲಿ ಎಲೆ ಬಿಚ್ಚಿ ರಾತ್ರಿ ಮುಚ್ಚುತ್ತಿತ್ತು. ಗಿಡದೊಳಗೂ ಒಂದು ಗಡಿಯಾರ ಇದೆ ಎಂಬ ವಿಚಾರದ ಬೇರು ಅಲ್ಲಿದೆ. ನಿಮ್ಮ ಮಗುವೂ ಒಂದು ಕುಂಡವನ್ನು ಎರಡು ದಿನ ಬಟ್ಟೆಯ ಬೀರುವಿನಲ್ಲಿಟ್ಟು, ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದು ನೋಡಲಿ.

ಮೇ ತಿಂಗಳ ರಜೆಯಲ್ಲಿ ಗಿಡವನ್ನು ಬುಡಸಮೇತ ಕೀಳಿ. ಕಾಯಿ ಎಣಿಸುವ ಸಂಭ್ರಮ ಮುಗಿದ ಮೇಲೆ ಬೇರು ತೊಳೆದು ನೋಡಿ. ಸಾಸಿವೆ ಗಾತ್ರದ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ. ಮಣ್ಣಿನಿಂದ ಬಂದ ಬ್ಯಾಕ್ಟೀರಿಯಾಗಳು ಅಲ್ಲಿ ಮನೆ ಮಾಡಿಕೊಂಡು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸಿಕೊಡುತ್ತವೆ. ನಮ್ಮ ರಕ್ತದ ಕೆಂಪಿನ ಹಾಗೆ ಆ ಗುಲಾಬಿಗೂ ಕಬ್ಬಿಣದಂಶವಿರುವ ವಸ್ತುವೇ ಕಾರಣ. ತೋಟದ ಮಣ್ಣು ಇರಲಿ ಎಂದದ್ದು ಈ ಅತಿಥಿಗಳಿಗಾಗಿ.

ಸಂಕ್ರಾಂತಿಯವರೆಗೆ ಕಾಯಲಾಗದ ಪುಟ್ಟ ಮಕ್ಕಳೂ ಇರುತ್ತಾರೆ. ಅವರಿಗೆ ರಾಗಿ ಕೊಡಿ. ದಸರಾ ಗೊಂಬೆಗಳ ಮುಂದೆ ಪಾರ್ಕು ಮಾಡಲು ತಟ್ಟೆಯಲ್ಲಿ ರಾಗಿ ಚೆಲ್ಲಿ ಪೈರು ಬರಿಸುತ್ತೀರಲ್ಲ, ಅದನ್ನೇ ಎರಡು ತಟ್ಟೆಯಲ್ಲಿ ಮಾಡಿ, ಒಂದನ್ನು ಕಿಟಕಿಯಲ್ಲಿ, ಒಂದನ್ನು ಮುಚ್ಚಿದ ಡಬ್ಬಿಯಲ್ಲಿ ಇಡಿ. ಕತ್ತಲೆಯದು ಹಳದಿಯಾಗಿದ್ದರೂ ಉದ್ದವಾಗಿರುತ್ತದೆ. ಬಿಸಿಲು ಕಾಣದ್ದೇ ಯಾಕೆ ಹೆಚ್ಚು ಎತ್ತರ ಎಂದು ಮಗು ತಬ್ಬಿಬ್ಬಾಗುತ್ತದೆ, ಆಗಲಿ. ಬೀಜದಲ್ಲಿದ್ದ ಆಹಾರವನ್ನೆಲ್ಲ ಬೆಳಕು ಹುಡುಕುವುದಕ್ಕೆ ಸುರಿಯುತ್ತಿರುವ ಪೈರು ಅದು. ಡಬ್ಬಿಯಿಂದ ಹೊರಗಿಟ್ಟರೆ ಒಂದೆರಡು ದಿನದಲ್ಲಿ ಹಸಿರಾಗುವುದನ್ನೂ ತೋರಿಸಿ.

ಅವರೆಕಾಳೂ ಕಡಲೆಕಾಳೂ ಪಕ್ಕಪಕ್ಕದಲ್ಲಿ ಮೊಳೆಯುವುದು ನನಗೆ ಬಹಳ ಇಷ್ಟದ ನೋಟ. ಅವರೆ ತನ್ನ ಎರಡು ಬೇಳೆಗಳನ್ನೂ ಬುತ್ತಿಯ ಹಾಗೆ ತಲೆಯ ಮೇಲೆ ಹೊತ್ತುಕೊಂಡು ಮಣ್ಣಿನಿಂದ ಮೇಲೆ ಬರುತ್ತದೆ. ಕಡಲೆ ಬುತ್ತಿಯನ್ನು ಮಣ್ಣಿನೊಳಗೇ ಬಚ್ಚಿಟ್ಟು ಎಲೆಯನ್ನು ಮಾತ್ರ ಮೇಲೆ ಕಳಿಸುತ್ತದೆ. ಹಿತಕಿದ ಬೇಳೆ ಮಾಡಲು ಅವರೆಯ ಸಿಪ್ಪೆ ಜಾರಿಸುವಾಗ ಮಕ್ಕಳನ್ನು ಅಡುಗೆಮನೆಗೆ ಕರೆಯಿರಿ. ಎರಡು ಬೇಳೆಗಳು ಕೂಡಿದ ಅಂಚಿನಲ್ಲಿ ಪುಟ್ಟ ಮೊಳಕೆ ಮಡಚಿಕೊಂಡು ಕೂತಿರುತ್ತದೆ, ಅದನ್ನು ಅವರೇ ಹುಡುಕಲಿ. ಬಿತ್ತುವುದಕ್ಕೆ ಮಾತ್ರ ಸಿಪ್ಪೆ ಇರುವ, ಬಲಿತು ಒಣಗಿದ ಕಾಳೇ ಬೇಕು. ಇವತ್ತು ರಾತ್ರಿ ಮಲಗುವ ಮುಂಚೆ ಹತ್ತು ಅವರೆ, ಹತ್ತು ಕಡಲೆಯನ್ನು ಬೇರೆ ಬೇರೆ ಬಟ್ಟಲಲ್ಲಿ ಮಗುವಿನ ಕೈಯಿಂದಲೇ ನೆನೆಹಾಕಿಸಿ. ನಮಸ್ಕಾರ.