ಬೇಸ್‌ಗೆ ಯಾರನ್ನೂ ಕರೆಯಲಿಲ್ಲ: 24 ವರ್ಷದ ನಂತರ ಬಂದ ದಿ ಕಾರ್ಸ್

ಎಲ್ಲರಿಗೂ ನಮಸ್ಕಾರ. ಇವತ್ತು ಅಡುಗೆ ಇಲ್ಲ, ಸುತ್ತಾಟ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಟೆರೇಸ್ ಮೇಲೆ ಅಡ್ಡಾಡುವುದೇ ವೀಡಿಯೊ, ಸ್ವಲ್ಪ ಸಹಿಸಿಕೊಳ್ಳಿ. ಕೇಳುತ್ತಿರುವುದು ದಿ ಕಾರ್ಸ್ ಬ್ಯಾಂಡಿನ ‘ಮೂವ್ ಲೈಕ್ ದಿಸ್’. 2011ರ ಮೇ ತಿಂಗಳಲ್ಲಿ ಬಂದ ಆಲ್ಬಂ. ಇವರ ಅದಕ್ಕೂ ಹಿಂದಿನ ಆಲ್ಬಂ ಬಂದಿದ್ದು 1987ರಲ್ಲಿ! ನಿಮಗೂ ಕೇಳಿಸಬಹುದಿತ್ತು, ಆದರೆ ಹಾಡು ಹಾಕಿದರೆ ಕಾಪಿರೈಟ್ ತಕರಾರು ಬರುತ್ತದೆ. ಹಾಗಾಗಿ ಬಾಯಲ್ಲೇ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಒಂದು ನಿಮಿಷ. ಅಮೆರಿಕದ ಬಾಸ್ಟನ್‌ನಲ್ಲಿ 1976ರಲ್ಲಿ ಸೇರಿದ ಐದು ಜನ. ರಾಕ್ ಗಿಟಾರ್ ಮೇಲೆ ಸಿಂಥಸೈಜರ್ (ಸಿಂಥ್ ಅಂತಾರಲ್ಲ, ಆ ಎಲೆಕ್ಟ್ರಾನಿಕ್ ಕೀಬೋರ್ಡ್) ಸೇರಿಸಿ, ಮುಖದಲ್ಲಿ ನಗುವೇ ಇಲ್ಲದೆ ಕುಣಿಸುವಂಥ ಹಾಡು ಹಾಡುತ್ತಿದ್ದರು. ನ್ಯೂ ವೇವ್ ಅನ್ನೋ ರಾಕ್ ಶೈಲಿ ಅಂದರೆ ಬಹಳ ಜನಕ್ಕೆ ಇದೇ ನೆನಪಾಗುತ್ತದೆ. 1984ರ ‘ಡ್ರೈವ್’ ಹಾಡನ್ನಂತೂ ನೀವು ಎಲ್ಲಾದರೂ ಕೇಳಿರುತ್ತೀರಿ. ಮೆಲ್ಲಗಿನ ಹಾಡು, ಈ ರಾತ್ರಿ ನಿನ್ನನ್ನು ಮನೆಗೆ ಬಿಡೋರು ಯಾರು ಅಂತ ಕೇಳುತ್ತದಲ್ಲ, ಅದೇ.

ಅದನ್ನು ಬರೆದವರು ರಿಕ್ ಒಕಾಸೆಕ್. ಹಾಡಿದವರು ತಗ್ಗು ಸ್ವರದ ಬೇಸ್ ಗಿಟಾರ್ ನುಡಿಸುತ್ತಿದ್ದ ಬೆಂಜಮಿನ್ ಆರ್. ಇದು ಬಹಳ ಜನಕ್ಕೆ ಗೊತ್ತಿಲ್ಲ. ಬ್ಯಾಂಡಿನ ಮುಖ ಅಂದರೆ ಕಪ್ಪು ಕನ್ನಡಕದ, ಉದ್ದಕ್ಕೆ ಕಡ್ಡಿಯಂತಿದ್ದ ರಿಕ್ ತಾನೇ? ಅವರ ದನಿ ಸ್ವಲ್ಪ ಒಣ, ಮಧ್ಯೆ ಮಧ್ಯೆ ಬಿಕ್ಕಳಿಕೆ ಬಂದ ಹಾಗೆ ಮುರಿಯುತ್ತದೆ. ಬೆನ್ ದನಿ ನುಣುಪು. ‘ಜಸ್ಟ್ ವಾಟ್ ಐ ನೀಡೆಡ್’ ಕೂಡ ಬೆನ್ ಹಾಡಿದ್ದೇ. ಹಾಡು ಬರೆಯುತ್ತಿದ್ದವರು ಹೆಚ್ಚುಕಡಿಮೆ ರಿಕ್ ಒಬ್ಬರೇ, ಆದರೆ ಹಾಡೋಕೆ ಇಬ್ಬರು. ಕಾರ್ಸ್ ಬ್ಯಾಂಡಿನ ಗುಟ್ಟು ಅಲ್ಲೇ ಇತ್ತು ಅಂತ ನನ್ನ ಲೆಕ್ಕ.

1988ರಲ್ಲಿ ಬ್ಯಾಂಡ್ ಒಡೆಯಿತು. ಮತ್ತೆ ಸೇರುವ ಮಾತೇ ಇಲ್ಲ ಅಂತ ರಿಕ್ ಖಡಾಖಂಡಿತವಾಗಿ ಹೇಳಿದ್ದರು. 2000ದ ಅಕ್ಟೋಬರ್‌ನಲ್ಲಿ ಬೆನ್ ಕ್ಯಾನ್ಸರ್‌ನಿಂದ ತೀರಿಕೊಂಡರು. 2005ರಲ್ಲಿ ಗಿಟಾರ್‌ನ ಎಲಿಯಟ್ ಈಸ್ಟನ್, ಕೀಬೋರ್ಡ್‌ನ ಗ್ರೆಗ್ ಹಾಕ್ಸ್ ಸೇರಿ, ಟಾಡ್ ರಂಡ್‌ಗ್ರೆನ್ ಅವರನ್ನು ಹಾಡೋಕೆ ಕರೆದು, ನ್ಯೂ ಕಾರ್ಸ್ ಅಂತ ಶುರು ಮಾಡಿದರು. ಬೇಸ್‌ಗೂ ಬೇರೆಯವರು ಬಂದರು. ತಪ್ಪೇನಿಲ್ಲ, ಹೊಟ್ಟೆಪಾಡು. ಆದರೆ ರಿಕ್ ಇಲ್ಲದ ಕಾರ್ಸ್ ನನಗಂತೂ ರುಚಿಸಲಿಲ್ಲ.

ಇದ್ದಕ್ಕಿದ್ದ ಹಾಗೆ 2010ರಲ್ಲಿ, ಉಳಿದಿದ್ದ ನಾಲ್ವರೂ ಸ್ಟುಡಿಯೊದಲ್ಲಿ ನಿಂತಿದ್ದ ಫೋಟೊ ಒಂದು ಫೇಸ್‌ಬುಕ್‌ನಲ್ಲಿ ಬಂತು. ಬೆನ್ ಜಾಗಕ್ಕೆ ಯಾರು ಅನ್ನೋದು ಎಲ್ಲರ ಪ್ರಶ್ನೆ. ಉತ್ತರ, ಯಾರೂ ಇಲ್ಲ. ಬಾಡಿಗೆಗೆ ಬೇಸ್ ನುಡಿಸೋರಿಗೆ ಅಮೆರಿಕದಲ್ಲಿ ಬರವೇ? ಆದರೂ ಹೊರಗಿನ ಬೇಸಿಸ್ಟ್ ಒಬ್ಬರನ್ನು ತಂದು ಐದನೆಯವರನ್ನಾಗಿ ನಿಲ್ಲಿಸಲಿಲ್ಲ. ಕೀಬೋರ್ಡ್ ನೋಡಿಕೊಳ್ಳುತ್ತಿದ್ದ ಹಾಕ್ಸ್ ಆ ಕೆಲಸವನ್ನೂ ಹೊತ್ತುಕೊಂಡರು. ಅರ್ಧ ಹಾಡುಗಳ ನಿರ್ಮಾಪಕ ಜಾಕ್‌ನೈಫ್ ಲೀ ಕೂಡ ಕೈಜೋಡಿಸಿದರು. ಊಟದ ಪಂಕ್ತಿಯಲ್ಲಿ ಒಂದು ಎಲೆ ಹಾಕಿ, ಅಲ್ಲಿ ಯಾರನ್ನೂ ಕೂರಿಸದೆ ಬಿಟ್ಟ ಹಾಗೆ.

ಅದು ಕಿವಿಗೆ ಗೊತ್ತಾಗುತ್ತದೆ, ನೋಡಿ. ಹತ್ತು ಹಾಡು, ಹತ್ತರಲ್ಲೂ ರಿಕ್ ದನಿಯೇ. ಐದನೇ ಹಾಡು ‘ಸ್ಯಾಡ್ ಸಾಂಗ್’ ಹಾಕಿ. ಹೆಸರಷ್ಟೇ ಸ್ಯಾಡ್. ಚಪ್ಪಾಳೆ, ಕತ್ತರಿಸಿದಂಥ ಗಿಟಾರ್, ನಡುವೆ ಸಿಂಥ್ ಕುಣಿತ. 1978ರ ಮೊದಲ ಆಲ್ಬಂನಲ್ಲೇ ಸೇರಿಸಿದ್ದರೂ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ವಯಸ್ಸಾದ ಬ್ಯಾಂಡುಗಳು ವಾಪಸ್ ಬಂದಾಗ ಈ ಕಾಲದವರ ಹಾಗೆ ಕಾಣೋಕೆ ಒದ್ದಾಡುತ್ತವಲ್ಲ, ಇವರು ಆ ಗೋಜಿಗೆ ಹೋಗಲಿಲ್ಲ.

ಅದಕ್ಕಿಂತ ಒಂದು ಹಾಡು ಮುಂಚೆ ಬರುವುದು ‘ಸೂನ್’. ನಿಧಾನದ ಹಾಡು, ಮೆತ್ತನೆ ಸಿಂಥ್. ಹಳೆಯ ಕಾಲವಾಗಿದ್ದರೆ ರಿಕ್ ಇದನ್ನು ಬರೆದು ಬೆನ್ ಕೈಗೆ ಕೊಡುತ್ತಿದ್ದರು, ನನಗೆ ಅನುಮಾನವೇ ಇಲ್ಲ. ಇಲ್ಲಿ ರಿಕ್ ತಾವೇ ಹಾಡುತ್ತಾರೆ. ಅರವತ್ತು ದಾಟಿದ ದನಿ, ಮೇಲಿನ ಸ್ವರಕ್ಕೆ ಹೋದಾಗ ತೆಳುವಾಗುತ್ತದೆ. ಬೆನ್ ಅಲ್ಲಿ ಆರಾಮಾಗಿ ಜಾರಿಕೊಂಡು ಹೋಗುತ್ತಿದ್ದರು. ಆದರೆ ಆ ತೆಳು ದನಿಯೇ ನನಗೆ ಇಷ್ಟ. ಸುಮ್ನೆ ಪಾಲಿಶ್ ಮಾಡಿ ಮುಚ್ಚಿಟ್ಟಿಲ್ಲ.

ಎಲ್ಲವೂ ಚೆನ್ನಾಗಿದೆ ಅಂತೇನೂ ಅಲ್ಲ. ಕೊನೆಯ ಎರಡು ಮೂರು ಹಾಡು ಬರುವ ಹೊತ್ತಿಗೆ ಒಂದೇ ದನಿ ಜಾಸ್ತಿ ಆಯ್ತು ಅನ್ನಿಸುತ್ತದೆ. ಮೊದಲು ಇಬ್ಬರು ಗಾಯಕರ ನಡುವೆ ಸಿಗುತ್ತಿದ್ದ ಬಿಡುವು ಇಲ್ಲಿ ಸಿಗಲ್ಲ. ಬೆನ್ ಜಾಗ ಖಾಲಿ ಬಿಟ್ಟಿದ್ದಕ್ಕೆ ಆಲ್ಬಂ ತೆತ್ತ ಬೆಲೆ ಇದು. ಆದರೂ ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ 7ನೇ ಸ್ಥಾನಕ್ಕೆ ಹೋಯಿತು.

ಆ ವರ್ಷ ಕೆಲವೇ ಊರುಗಳಲ್ಲಿ ಕಾರ್ಯಕ್ರಮ ಕೊಟ್ಟು ಮತ್ತೆ ಮಾಯವಾದರು. 2018ರಲ್ಲಿ ಇವರನ್ನು ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ ಸಮಾರಂಭದಲ್ಲಿ ಕೊನೆಗೂ ಒಬ್ಬರು ಬೇಸ್ ಹಿಡಿದು ಜೊತೆಗೆ ನಿಂತರು. ವೀಝರ್ ಬ್ಯಾಂಡಿನ ಸ್ಕಾಟ್ ಶ್ರೈನರ್. ವೀಝರ್‌ನ ಮೊದಲ ಆಲ್ಬಂ ನಿರ್ಮಿಸಿದ್ದು ರಿಕ್ಕೇ, ಹಾಗಾಗಿ ಪೂರ್ತಿ ಹೊರಗಿನವರೇನಲ್ಲ. ಮರುವರ್ಷ ಸೆಪ್ಟೆಂಬರ್‌ನಲ್ಲಿ ರಿಕ್ ಹೋದರು. ಈ ಬ್ಯಾಂಡಿನಿಂದ ಹೊಸ ಹಾಡು ಅಂತ ಬಂದಿದ್ದು ‘ಮೂವ್ ಲೈಕ್ ದಿಸ್’ ಆಲ್ಬಂನಲ್ಲೇ ಕೊನೆ.

ಕೇಳೋದಾದರೆ ಮೊದಲು ‘ಡ್ರೈವ್’ ಹಾಕಿ, ಅದರ ಬೆನ್ನಿಗೇ ‘ಸೂನ್’. ಯಾವ ದನಿ ಹಿಡಿಸಿತು ಅಂತ ಆಮೇಲೆ ಜಗಳ ಆಡೋಣ. ನನ್ನ ವೋಟು ಗೊತ್ತಾಯ್ತಲ್ಲ.